ಎಲ್ಲರ ಹೆಸರಿನಲ್ಲಿ ಒಬ್ಬರೇ

ಮಜ್ಜಿಗೆ ಕುಡಿದಾದ ಮೇಲೆ ಅವರು ಲೋಟವನ್ನು ಅಂಗೈ ಮೇಲೆ ಬೋರಲು ಹಾಕುತ್ತಿದ್ದರು. ಒಂದು ಹನಿಯೂ ಬೀಳುತ್ತಿರಲಿಲ್ಲ. ಬೀಳಲಿಲ್ಲ ಎಂಬುದನ್ನು ಎದುರಿಗಿದ್ದವರು ನೋಡಿದರೆಂದು ಖಚಿತವಾದ ಮೇಲೆಯೇ ಲೋಟ ಕೆಳಗಿಡುತ್ತಿದ್ದರು.

ಅವರು ಸಾರಾಯಿ ಗುತ್ತೇದಾರರು. ಬಳ್ಳಾರಿ ಪೇಟೆಯಲ್ಲಿ ಹಲವು, ಸಿರುಗುಪ್ಪದ ಕಡೆ ಕೆಲವು, ಕುರುಗೋಡಿನಲ್ಲಿ ಒಂದು ಅಂಗಡಿ ಅವರವು. ‘ಅವರವು’ ಎಂದು ನಾನು ಬರೆಯುತ್ತಿದ್ದೇನೆ. ಸರ್ಕಾರದ ಯಾವ ಕಾಗದವೂ ಹಾಗೆ ಹೇಳುತ್ತಿರಲಿಲ್ಲ.

ಈಚೆಗೆ ತೀರಿಕೊಂಡರಂತೆ. ನಾನು ಈಗ ಬೇರೆ ಊರಿನಲ್ಲಿದ್ದೇನೆ. ಬಳ್ಳಾರಿಯ ಹಳೆಯ ಸಹೋದ್ಯೋಗಿಯೊಬ್ಬರು ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಹೇಳಿದರು. ದೊಡ್ಡ ಸಂತಾಪ ಸಭೆಯಾಯಿತಂತೆ. ಕೊಡುಗೈ ದಾನಿ ಎಂದರಂತೆ, ಅಜಾತಶತ್ರು ಎಂದರಂತೆ. ಅವರ ಸಾರಾಯಿ ಅಂಗಡಿಗಳನ್ನು ಗೌರವಾರ್ಥ ಒಂದು ದಿನ ಮುಚ್ಚಿದ್ದರಂತೆ. ಆ ಅಂಗಡಿಗಳು ಅವರವೆಂದು ಊರು ಬಹಿರಂಗವಾಗಿ ಒಪ್ಪಿಕೊಂಡದ್ದು ಅದೇ ಮೊದಲಿರಬೇಕು.

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುತ್ತಾರೆ. ಆಡುವವರು ಸಾಕಷ್ಟಿದ್ದಾರೆ.

ನನ್ನ ತಂದೆ ಸಿರುಗುಪ್ಪದಲ್ಲಿ ಶಾಲಾ ಮಾಸ್ತರರಾಗಿದ್ದರು. ಅವರು ಹೋದ ಮೇಲೆ, ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದು, ಬಳ್ಳಾರಿಯ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ತಾತ್ಕಾಲಿಕ ಅಧ್ಯಾಪಕಿಯಾದೆ. ಆ ಕಾಲೇಜಿನ ಆಡಳಿತ ಮಂಡಳಿಯಲ್ಲಿ ಈ ಗುತ್ತೇದಾರರಿದ್ದರು. ತಮ್ಮ ಮನೆಯ ಹಿಂಭಾಗದ ಮಾಳಿಗೆಯ ಮೇಲೆ ಎರಡು ಕೋಣೆಗಳನ್ನು ನಮಗೆ, ಅಂದರೆ ಅವ್ವನಿಗೂ ನನಗೂ, ಕೊಟ್ಟರು. ಬಾಡಿಗೆ ಕಡಿಮೆ. ಅದು ಕಡಿಮೆ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ನಾವು ಮರೆಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಒಮ್ಮೆ ಅವ್ವನಿಗೆ ಜ್ವರ ನೆತ್ತಿಗೇರಿದಾಗ, ಕೇಳುವ ಮೊದಲೇ ಜೀಪು ಕಳಿಸಿದರು. ಆಸ್ಪತ್ರೆಗೆ ತಾವೇ ಬಂದು ಡಾಕ್ಟರರ ಹತ್ತಿರ ನಿಂತು ಮಾತಾಡಿದರು. ಅದನ್ನು ನಾನು ಮರೆತಿಲ್ಲ. ಅವರೂ ಮರೆತಿರಲಿಲ್ಲ.

ಊರೆಲ್ಲ ಅವರನ್ನು ಧಣೇರು ಎನ್ನುತ್ತಿತ್ತು. ತೆಳ್ಳಗಿನ ಆಳು, ಸಣ್ಣ ಧ್ವನಿ. ಬಿಳಿ ಪಂಚೆ, ಬಿಳಿ ಅಂಗಿ, ಹಣೆಯಲ್ಲಿ ಮೂರು ಗೆರೆ ವಿಭೂತಿ. ಸೋಮವಾರ ಒಪ್ಪತ್ತು. ಸಾರಾಯಿ ಎಂಬ ಮಾತನ್ನೇ ಆಡುತ್ತಿರಲಿಲ್ಲ, ‘ಮಾಲು’ ಎನ್ನುತ್ತಿದ್ದರು. “ಮಾರೋನು ಕುಡೀಬಾರ್ದು, ಕುಡಿಯೋನು ಮಾರಬಾರ್ದು. ಎರಡೂ ಮಾಡಿದೋನು ಎರಡೂ ಕಡಿ ಮುಳುಗತಾನ” ಎಂಬುದು ಅವರ ಮಾತು. ಇನ್ನೊಂದು ಮಾತನ್ನು ನಾನು ಮೆಟ್ಟಿಲ ಮೇಲಿಂದ ಎಷ್ಟೋ ಸಲ ಕೇಳಿದ್ದೇನೆ: “ಹೆಸರಂದ್ರ ಅಂಗಿ ಇದ್ದಂಗ. ಯಾರ ಮೈಗೆ ಸರಿ ಹೋಗತೈತೋ ಅವರಿಗೆ ತೊಡಸಬೇಕು.”

ಒಬ್ಬರ ಹೆಸರಿಗೆ ಇಂತಿಷ್ಟೇ ಅಂಗಡಿ ಎಂಬ ನಿಯಮವಿತ್ತು. ಹೀಗಾಗಿ ಸಿರುಗುಪ್ಪದ ಅಂಗಡಿಗಳು ಜೀಪಿನ ಡ್ರೈವರ್ ತಿಪ್ಪಣ್ಣನ ಹೆಸರಿನಲ್ಲಿದ್ದವು. ಪೇಟೆಯ ಅಂಗಡಿಗಳು ಹೆಂಡತಿಯ ತಮ್ಮನ, ಷಡ್ಡಕನ, ಹೊಲ ನೋಡಿಕೊಳ್ಳುವವನ ಹೆಸರಿನಲ್ಲಿ. ಕುರುಗೋಡಿನ ಅಂಗಡಿ ಅಡುಗೆಯ ಈರಮ್ಮನ ಹೆಸರಿನಲ್ಲಿ. ಅವರ ಸ್ವಂತ ಹೆಸರಿನಲ್ಲಿದ್ದದ್ದು ಆ ಮನೆಯೊಂದೇ.

ಒಂದು ಬೇಸಿಗೆ ನಾನು ಯಾವುದೋ ಪ್ರಮಾಣಪತ್ರಕ್ಕೆಂದು ಜಿಲ್ಲಾ ಕಚೇರಿಗೆ ಹೋದಾಗ, ಬೇವಿನ ಮರದ ಕೆಳಗೆ ಸಾರಾಯಿ ಅಂಗಡಿಗಳ ಹರಾಜು ನಡೆದಿತ್ತು. ತಿಪ್ಪಣ್ಣ ಒಂದು ಸಾಲಿನಲ್ಲಿ, ಧಣೇರ ಭಾವಮೈದುನ ಇನ್ನೊಂದು ಸಾಲಿನಲ್ಲಿ. ಇಬ್ಬರೂ ಕತ್ತಿನ ನರ ಉಬ್ಬಿಸಿಕೊಂಡು ಕೂಗುತ್ತಿದ್ದರು.

“ಲೇ, ಪ್ಯಾಟಿ ಏನು ನಿಮ್ಮಪ್ಪಂದೇನಲೇ?”

“ನಿಮ್ಮಪ್ಪಂದಂತೂ ಅಲ್ಲ ಬಿಡಲೇ! ಸುಮ್ನ ಕುಂದರು!”

ಧಣೇರು ಎಲ್ಲರಿಗಿಂತ ಹಿಂದೆ, ನೋಡಲು ಬಂದವರ ಹಾಗೆ, ಟವೆಲಿನಿಂದ ಗಾಳಿ ಹಾಕಿಕೊಳ್ಳುತ್ತ ಕುಳಿತಿದ್ದರು. ಆದೋನಿಯ ಕಡೆಯಿಂದ ಒಬ್ಬ ಹೊಸಬ ಬಂದಿದ್ದ. ಅವನೊಬ್ಬನೇ ನಿಜವಾಗಿ ಕೂಗಲು ಬಂದವನು. ಅವನ ಪಕ್ಕದಲ್ಲಿ ಧಣೇರ ಗುಮಾಸ್ತ ಹೋಗಿ ಕುಳಿತ. “ಏಮನ್ನಾ, ಟಿಫಿನ್ ಅಯ್ಯಿಂದಾ?” ಎಂದು ತೆಲುಗಿನಲ್ಲಿ ತಿಂಡಿಯ ವಿಚಾರ ಕೇಳಿದ. ಅಷ್ಟು ದೂರದಿಂದ ಬಂದವರು ಹಸಿದು ಕೂರುವುದು ಬಳ್ಳಾರಿಗೆ ಅವಮಾನ ಎಂದ. ಸಿರುಗುಪ್ಪದ ಸರದಿ ಬರಲು ಇನ್ನೂ ಹೊತ್ತಿದೆ ಎಂದ. ಹೊಸಬ ಮಿರ್ಚಿ ಬಜ್ಜಿ ತಿಂದು, ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು ಬರುವಷ್ಟರಲ್ಲಿ ಸಿರುಗುಪ್ಪ ಮುಗಿದಿತ್ತು. ಅವನು ಮರದ ಕೆಳಗೆ ನಿಂತು ತೆಲುಗಿನಲ್ಲಿ ಬೈದ. ಗುಮಾಸ್ತ ತಲೆಬಾಗಿ ಪೂರ್ತಿ ಕೇಳಿಸಿಕೊಂಡ.

ಅದೇ ಸಂಜೆ, ಬೆಳಿಗ್ಗೆ ಅಪ್ಪಂದಿರನ್ನು ಎತ್ತಿ ಬೈದಾಡಿಕೊಂಡವರು ಧಣೇರ ಅಂಗಳದಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು. ನಾನು ಮೇಲಿನ ಕಿಟಕಿಯಿಂದ ನೋಡಿದೆ. ಬಡಿಸುತ್ತಿದ್ದವಳು ಈರಮ್ಮ. ಉಣ್ಣುವವರಲ್ಲಿ ಯಾರೋ “ಈರಮ್ಮ ಧಣೀ, ಇನ್ನೊಂದೀಟು ಸಾರು ಹಾಕ್ರೆವ್ವಾ” ಎಂದರು. ಪಂಕ್ತಿ ಪೂರ್ತಿ ನಕ್ಕಿತು. ಧಣೇರೂ ನಕ್ಕರು.

ಈರಮ್ಮನಿಗೆ ಐವತ್ತು ದಾಟಿರಬೇಕು. ವಿಧವೆ. ಬಾದನಹಟ್ಟಿಯವಳು, ಒಬ್ಬಳೇ ಮಗಳನ್ನು ಕುರುಗೋಡಿಗೆ ಕೊಟ್ಟಿದ್ದಳು. ಅಳಿಯ ಬಂಡಿ ಹೂಡುವವನು, ಸುಗ್ಗಿಯಲ್ಲಿ ಭತ್ತದ ಚೀಲ ಸಾಗಿಸುತ್ತಿದ್ದ. ಪ್ರತಿ ತಿಂಗಳ ಕೊನೆಗೆ ಗುಮಾಸ್ತ ಮಸಿಯ ಡಬ್ಬಿ ಹಿಡಿದು ಅಡುಗೆಮನೆಗೆ ಬರುತ್ತಿದ್ದ. ಡಿಪೋದಿಂದ ಸಾರಾಯಿ ಪೀಪಾಯಿಗಳು ಕುರುಗೋಡಿಗೆ ಹೋಗಬೇಕಾದರೆ ಲೈಸೆನ್ಸುದಾರಳ ಹೆಬ್ಬೆಟ್ಟು ಬೇಕು. ಈರಮ್ಮ ಜೋಳದ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಒತ್ತಿಕೊಡುತ್ತಿದ್ದಳು. ವರ್ಷಾನುಗಟ್ಟಲೆ ರೊಟ್ಟಿ ಬಡಿದ ಆ ಹೆಬ್ಬೆರಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಕಾಗದದ ಮೇಲೆ ಒಂದು ಕಪ್ಪು ಬೊಟ್ಟು ಮೂಡುತ್ತಿತ್ತು, ಅಷ್ಟೆ. “ಈಕಿ ಹೆಬ್ಬಟ್ಟು ನೋಡ್ರಿ, ಹುಣ್ಣಿಮಿ ಚಂದ್ರಾಮ ಇದ್ದಂಗೈತಿ” ಎಂದು ಧಣೇರು ಬಂದವರಿಗೆಲ್ಲ ತೋರಿಸಿ ನಗುತ್ತಿದ್ದರು. ಯಾತಕ್ಕೆ ಹೆಬ್ಬೆಟ್ಟು ಎಂದು ಆಕೆ ಕೇಳಿದವಳಲ್ಲ. ಮನೆಯ ಕೆಲಸಗಳಲ್ಲಿ ಅದೂ ಒಂದು.

ಒಂದು ಚಳಿಗಾಲ ಆಕೆ ಮಗಳ ಮನೆಗೆ ಹೋಗಿ ಬಂದವಳು ನೇರವಾಗಿ ನಮ್ಮ ಮೆಟ್ಟಿಲು ಹತ್ತಿದಳು. ಒಳಗೆ ಬರಲಿಲ್ಲ. ಹೊಸ್ತಿಲಾಚೆ ಕುಳಿತಳು.

“ಅಕ್ಕೋರ, ಬೋರ್ಡಿನ ಮ್ಯಾಲ ನನ್ನ ಹೆಸರು ಬರದಾರಂತಲ್ಲರಿ?”

ಲೈಸೆನ್ಸುದಾರರ ಹೆಸರನ್ನು ಅಂಗಡಿಯ ಬಾಗಿಲ ಮೇಲೆ ಬರೆಸಬೇಕೆಂಬ ನಿಯಮವಿತ್ತು. ಈರಮ್ಮನಿಗೆ ಓದು ಬಾರದು. ಆ ಹಾದಿಯಲ್ಲಿ ಎಷ್ಟೋ ಸಲ ಓಡಾಡಿದ್ದರೂ ಗೊತ್ತಾಗಿರಲಿಲ್ಲ. ಈ ಸಲ ನಳದ ಹತ್ತಿರ ಹೆಂಗಸರು ಹೇಳಿದ್ದರು.

“ಏನಂದ್ರು ಗೊತ್ತೇನ್ರಿ? ‘ಮ್ಯಾಲ ಅವ್ವನ ಹೆಸರು, ಕೆಳಗ ಮಗಳು ಗಂಡನ್ನ ಕಾಯ್ಕೊಂತ ಕುಂದರತಾಳ. ಚೆಂದ ಐತೆವ್ವಾ ನಿಮ್ಮ ಮನಿ ವ್ಯಾಪಾರ’ ಅಂದ್ರು. ನನ್ನ ಮಗಳು ಅಲ್ಲೇ ನಿಂತಿದ್ಲು. ಕೊಡ ತುಂಬಿ ಹರಿಯಾಕತ್ತಿದ್ರೂ ಆಕಿ ನೋಡಲಿಲ್ಲ.”

ಅಳಿಯ ಈಗ ಬಂಡಿ ಹೂಡುತ್ತಿರಲಿಲ್ಲವಂತೆ. ಎತ್ತು ಮಾರಿದ್ದನಂತೆ. ಬೆಳಿಗ್ಗೆ ಕೈ ನಡುಗಿದರೆ ಅಂಗಡಿಗೆ ಹೋದ ಮೇಲೇ ನಿಲ್ಲುವುದಂತೆ.

ಆಮೇಲೆ ಕೇಳಿದಳು: “ಖರೇ ಹೇಳ್ರಿ. ಅದು ನನ್ನ ಅಂಗಡಿ ಏನು?”

“ಕಾಗದದ ಪ್ರಕಾರ ನಿಮ್ಮದೇ” ಎಂದೆ.

“ಹಂಗಾದ್ರ ಕೀಲಿ ಹಾಕಾಕ ನನಗ ಬರತೈತೇನು?”

ನಾನು ಯೋಚಿಸಿದೆ. ಬೇರೆ ಉತ್ತರ ಹೊಳೆಯಲಿಲ್ಲ. “ಬರುತ್ತದೆ” ಎಂದೆ.

ಮರುದಿನ ಮಧ್ಯಾಹ್ನದ ಅಡುಗೆ ಮುಗಿಸಿ, ಪಾತ್ರೆ ತೊಳೆದಿಟ್ಟು, ಪೇಟೆಯ ಬೆಂಗಳೂರು ರೋಡಿನಲ್ಲಿ ಒಂದು ದೊಡ್ಡ ಬೀಗ ಕೊಂಡು, ಈರಮ್ಮ ಕುರುಗೋಡಿನ ಬಸ್ ಹತ್ತಿದಳು. ಅಂಗಡಿಯಲ್ಲಿ ಮಾರುವವನು ಊಟಕ್ಕೆಂದು ಬಾಗಿಲು ಮುಂದೆ ಮಾಡಿ ಹೋದಾಗ ಬೀಗ ಜಡಿದು, ಕಟ್ಟೆಯ ಮೇಲೆ ಕುಳಿತುಬಿಟ್ಟಳು. ನಳದ ಹೆಂಗಸರು ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ಕುಳಿತರಂತೆ.

ಮುಂದಿನದನ್ನು ತಿಪ್ಪಣ್ಣನೇ ಅವ್ವನಿಗೆ ಹೇಳಿದ; ಹೇಳುವಾಗ ಅವನಿಗೆ ನಗು ತಡೆಯಲಾಗಲಿಲ್ಲ. ಮಾರುವವನು ಠಾಣೆಗೆ ಓಡಿದ್ದ. ಫೌಜದಾರರು ಬಂದರು.

“ಯಾರದು ಅಂಗಡಿ?”

“ಈರಮ್ಮಂದ್ರಿ.”

“ಕೀಲಿ ಹಾಕಿದವರು ಯಾರು?”

“ಈರಮ್ಮರಿ.”

“ಮತ್ತ ಕಂಪ್ಲೇಂಟು ಯಾರದಲೇ, ನಿಂದೇನು? ನೀ ಯಾರು?”

ಮಾರುವವನಿಗೆ ತಾನು ಯಾರ ಆಳು ಎಂದು ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ಧಣೇರ ಹೆಸರು ಹೇಳಬೇಕು. ಫೌಜದಾರರಿಗೂ ಅದನ್ನು ಕೇಳಿಸಿಕೊಳ್ಳುವ ಮನಸ್ಸಿರಲಿಲ್ಲ. ಮೋಟಾರ್ ಸೈಕಲ್ ಹತ್ತಿ ಹೋದರು.

ಸುದ್ದಿ ಬಂದಾಗ ಧಣೇರು ಅಂಗಳದಲ್ಲಿದ್ದರು. ಬೈಯಲಿಲ್ಲ. ಅವರು ಬೈಯುವವರಾಗಿದ್ದರೆ ನನಗೆ ಅವರ ಮೇಲೆ ಇಷ್ಟು ಸಿಟ್ಟು ಇರುತ್ತಿರಲಿಲ್ಲವೇನೋ. “ಪಾಪ, ಮಗಳ ಸಂಕಟ” ಎಂದರು. ಒಂದು ಇಳಕಲ್ ಸೀರೆ ಕಳಿಸಿದರು. ಸೀರೆ ಹಿಂದಕ್ಕೆ ಬಂತು. ಬಾದನಹಟ್ಟಿಯಿಂದ ಈರಮ್ಮನ ಅಣ್ಣನನ್ನು ಕರೆಸಿ ಮಾತಾಡಿದರು. ಅಣ್ಣ ಕುರುಗೋಡಿಗೆ ಹೋಗಿ ತಂಗಿಯ ಹತ್ತಿರ ಕುಳಿತವನು ಅಲ್ಲೇ ಉಂಡು, ಸುಮ್ಮನೆ ಊರಿಗೆ ಹೋದ. ಅಷ್ಟರಲ್ಲಿ ತಿಂಗಳು ಮುಗಿಯುತ್ತ ಬಂತು. ಪೀಪಾಯಿಗಳು ಡಿಪೋದಲ್ಲಿ ನಿಂತವು. ಸಿರುಗುಪ್ಪದಲ್ಲಿ ಹೆಂಗಸರು ಕುರುಗೋಡಿನ ಸುದ್ದಿ ಕೇಳಿ ನಗುತ್ತಿದ್ದಾರೆಂದು ಗುಮಾಸ್ತ ಹೇಳಿದ. ಧಣೇರಿಗೆ ಒಂದು ಅಂಗಡಿಯ ಚಿಂತೆಯಿರಲಿಲ್ಲ. ಹೆಸರು ಕೊಟ್ಟವರು ಹೆಸರು ತಮ್ಮದೇ ಎಂದುಕೊಳ್ಳಲು ಶುರುಮಾಡಿದರೆ? ಅಂದಿನಿಂದ ತಿಪ್ಪಣ್ಣನನ್ನೂ ಅವರು ಬೇರೆ ಕಣ್ಣಿನಿಂದ ನೋಡತೊಡಗಿದರು.

ಒಂದು ಸಂಜೆ ಅವರು ನಮ್ಮ ಮೆಟ್ಟಿಲು ಹತ್ತಿ ಬಂದರು. ಹಿಂದೆಂದೂ ಬಂದಿರಲಿಲ್ಲ. ಅವ್ವ ಚಾಪೆ ಹಾಸಿ, ಮಜ್ಜಿಗೆ ಕೊಟ್ಟಳು. ಕುಡಿದರು, ಲೋಟ ಬೋರಲು ಹಾಕಿದರು.

“ಏನ್ ತಾಯಿ, ಕಾಲೇಜು ಹೆಂಗ ನಡದೈತಿ? ಕಾಯಂ ಮಾಡೋದು ಮುಂದಿನ ಮೀಟಿಂಗಿನ್ಯಾಗ ಬರತೈತಿ. ನಾ ಅದೀನಿ, ನೀ ಚಿಂತಿ ಬಿಡು.”

ನಾನು ಖಾಲಿ ಲೋಟವನ್ನು ಒಳಗಿಟ್ಟು ಬಂದೆ.

“ಈರಮ್ಮ ಮೆತ್ತಗಾದ್ಲು” ಎಂದು ಅವರು ಒಂದು ಕಾಗದ ತೆಗೆದರು. “ಹೆಣ್ಣುಮಗಳು, ಎಷ್ಟು ದಿನ ಬಿಸಿಲಾಗ ಕುಂದರತಾಳ? ಅಂಗಡಿ ನಡಸಾಕ ತಿಪ್ಪಣ್ಣಗ ಅಧಿಕಾರ ಕೊಟ್ಟಾಳ. ಮುಂಜಾನಿ ಹೆಬ್ಬಟ್ಟು ಹಾಕಿ ಕೊಟ್ಲು. ಆದ್ರ ಅಬಕಾರಿ ಆಫೀಸಿಗೆ ಹೊಸ ಸಾಹೇಬ ಬಂದಾನ. ಕುರುಗೋಡಿನ ಗದ್ದಲ ಕೇಳ್ಯಾನ. ಓದಿದವರು, ಮರ್ಯಾದಸ್ಥರು ಒಬ್ರು ಸಾಕ್ಷಿ ಹಾಕಬೇಕು ಅಂತಾನ. ‘ನನ್ನ ಎದುರಿಗೇ ಹಾಕಿದ್ದು’ ಅಂತ ಒಂದು ಸಾಲು ಬರದು ಸಹಿ ಮಾಡು. ನಿನ್ನಷ್ಟು ಮರ್ಯಾದಸ್ಥರು ನನಗ ಯಾರು ಸಿಗತಾರ ಹೇಳು.”

ಆ ಕಾಗದ ಅಬಕಾರಿ ಕಚೇರಿಗೆ ಹೋದರೆ ಪೊಲೀಸರನ್ನು ಕರೆದುಕೊಂಡು ಹೋಗಿ ಬೀಗ ಒಡೆಯಬಹುದು. ಕಟ್ಟೆಯ ಮೇಲೆ ಕುಳಿತವಳನ್ನು ಎಬ್ಬಿಸಬಹುದು. ಅದಕ್ಕೆ ಇನ್ನು ಬೇಕಿದ್ದದ್ದು ನನ್ನ ಒಂದು ಸಾಲು ಮಾತ್ರ.

ನಾನು ಕಾಗದವನ್ನು ಬೆಳಕಿಗೆ ಹಿಡಿದೆ. ಹೆಬ್ಬೆಟ್ಟಿನ ಗುರುತು ಸ್ಪಷ್ಟವಾಗಿತ್ತು. ಒಂದರ ಸುತ್ತ ಒಂದು, ಗೆರೆಗಳೆಲ್ಲ ಚೆನ್ನಾಗಿ ಮೂಡಿದ್ದವು.

“ಇದರಲ್ಲಿ ಗೆರೆಗಳಿವೆ” ಎಂದೆ.

ಅವರು ಮೊದಲು ಅರ್ಥವಾಗದವರಂತೆ ನೋಡಿದರು. ಎಷ್ಟೋ ತಿಂಗಳು ಆ ಹೆಬ್ಬೆಟ್ಟನ್ನು ಬಂದವರಿಗೆಲ್ಲ ತೋರಿಸಿ ನಕ್ಕವರು ಅವರೇ. ಆದರೂ ಇನ್ನೊಬ್ಬಳ ಹೆಬ್ಬೆರಳು ಹಿಡಿದು ಒತ್ತಿಸುವಾಗ ಆ ನಗೆ ಅವರಿಗೆ ನೆನಪಾಗಿರಲಿಲ್ಲ. ಆಮೇಲೆ ಅವರ ಮುಖದಲ್ಲಿ ನಗು ಬಂತು. ಸಿಕ್ಕಿಬಿದ್ದವರ ನಗುವಲ್ಲ, ಹುಡುಗಿ ಚುರುಕಾಗಿದ್ದಾಳೆ ಎಂದು ಮೆಚ್ಚಿಕೊಂಡ ನಗು.

“ತಿಪ್ಪಣ್ಣನ ಹೇಣ್ತಿದು” ಎಂದರು. “ಯಾರದಾದ್ರೇನು ತಾಯಿ? ಹೆಬ್ಬಟ್ಟು ಹೆಬ್ಬಟ್ಟು. ಈರಮ್ಮ ನನ್ನ ಮನಿ ಅನ್ನ ಉಂಡಾಕಿ. ಆಕಿ ಬೆರಳು ಆಕಿದೇನು?”

ನಾನು ಕಾಗದವನ್ನು ಚಾಪೆಯ ಮೇಲೆ ಅವರ ಕಡೆಗೆ ಸರಿಸಿದೆ. “ನಾನು ನೋಡಿದ್ದಕ್ಕೆ ಮಾತ್ರ ಸಾಕ್ಷಿ ಹಾಕುತ್ತೇನೆ” ಎಂದೆ.

“ಅವಸರ ಇಲ್ಲ. ನಾಳೆ ಮುಂಜಾನಿ ಗುಮಾಸ್ತನ್ನ ಕಳಸತೀನಿ. ಅವ್ವನ ಕೂಡ ಮಾತಾಡು. ಆಕಿ ಜಡ್ಡಿನ್ಯಾಗ ಬಿದ್ದಾಗ ಯಾರು ಓಡಿ ಬಂದ್ರು ಅಂತ ಆಕಿನ್ನ ಕೇಳು.” ಕಾಗದವನ್ನು ಅಲ್ಲೇ ಬಿಟ್ಟು ಎದ್ದರು. ಬಾಗಿಲಲ್ಲಿ ತಿರುಗಿ, ಚಾವಣಿ ನೋಡಿ, “ಇಲ್ಲೆ ಸುಣ್ಣ ಉದುರಾಕತ್ತೈತಿ. ಮಾಡಸೋಣ” ಎಂದರು.

ಅವರು ಇಳಿದು ಹೋದ ಮೇಲೆ ಅವ್ವ ಬಾಗಿಲ ಚಿಲಕ ಹಾಕಿದಳು. ಅವಳು ಹೆದರುವ ಹೆಂಗಸು. ಅಪ್ಪ ಹೋದ ಮೇಲೆ ಇನ್ನೂ ಹೆದರುತ್ತಿದ್ದಳು. ಸಹಿ ಮಾಡಿಬಿಡು ಎನ್ನುತ್ತಾಳೆಂದು ನಾನು ಕಾದೆ. ಅವಳು ಸ್ಟೂಲು ಹತ್ತಿ ಅಟ್ಟದಿಂದ ಹಿತ್ತಾಳೆಯ ಪಾತ್ರೆಗಳನ್ನು ಒಂದೊಂದಾಗಿ ಇಳಿಸತೊಡಗಿದಳು. ಹಳೆಯ ಸೀರೆಯಲ್ಲಿ ಸುತ್ತುತ್ತ, “ನಿಮ್ಮಪ್ಪ ಇದ್ದಿದ್ರ ಇಷ್ಟೊತ್ತಿಗೆ ಬಂಡಿ ತಂದಿರತಿದ್ದ” ಎಂದಳು. ಆಮೇಲೆ ನನ್ನತ್ತ ನೋಡದೆ, “ಜ್ವರ ಬಂದಿದ್ದು ನನಗ. ಅದರ ಋಣ ನಂದು, ನಿಂದಲ್ಲ” ಎಂದಳು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಅವರು ಸೋತರೆಂದು ಯಾರೂ ತಿಳಿಯಬಾರದು. ಅವರಂಥವರು ಸೋಲುವುದನ್ನು ನಾನು ನೋಡಿಲ್ಲ. ಆ ವರ್ಷದ ಲೈಸೆನ್ಸು ಮುಗಿಯುವವರೆಗೆ ಕುರುಗೋಡಿನ ಅಂಗಡಿ ಮುಚ್ಚಿತ್ತು. ಜುಲೈ ಬಂದಾಗ ಎದುರು ಬದಿಯಲ್ಲಿ ಹೊಸ ಅಂಗಡಿ ತೆರೆಯಿತು, ಹೊಸ ಬೋರ್ಡು, ಯಾವುದೋ ಗಂಡಸಿನ ಹೆಸರು. ಹೆಂಗಸರ ಹೆಸರನ್ನು ಅವರು ಮತ್ತೆ ಹಾಕಿಸಲಿಲ್ಲವಂತೆ. ನನ್ನ ಕೆಲಸ ಕಾಯಂ ಆಗಲಿಲ್ಲ. ಈರಮ್ಮನ ಅಳಿಯ ಆ ಮುಚ್ಚಿದ ತಿಂಗಳುಗಳಲ್ಲಿ ಬಳ್ಳಾರಿಯ ಹಮಾಲರ ಜೊತೆ ಚೀಲ ಹೊತ್ತನೆಂದು ಕೇಳಿದೆ, ಆಮೇಲಿನದು ಕೇಳಿಲ್ಲ. ಕೊಡುಗೈ ದಾನಿಗೆ ಶಾಲೆಯೊಂದರ ಗೋಡೆಯ ಮೇಲೆ ಅಮೃತಶಿಲೆಯ ಹಲಗೆ ಸಿಕ್ಕಿತು. ಅದರಲ್ಲಿ ಮಾತ್ರ ಅವರ ಸ್ವಂತ ಹೆಸರಿದೆಯಂತೆ.

ಧಣೇರು ನಮ್ಮ ಮೆಟ್ಟಿಲು ಹತ್ತಿ ಬಂದ ಮರುದಿನ ಬೆಳಿಗ್ಗೆ, ಗುಮಾಸ್ತ ಬರುವ ಮೊದಲೇ, ಆ ಕಾಗದವನ್ನು ಚೀಲದಲ್ಲಿಟ್ಟುಕೊಂಡು ನಾನು ಕುರುಗೋಡಿನ ಮೊದಲ ಬಸ್ಸು ಹಿಡಿದೆ. ಕೊಳಗಲ್ಲು ದಾಟುವಾಗ ಬೆಳಕಾಯಿತು. ಈರಮ್ಮ ಕಟ್ಟೆಯ ಮೇಲೆ ಕಂಬಳಿ ಮಡಿಸುತ್ತಿದ್ದಳು. ನಾನು ವಿಷಯ ಹೇಳಿದೆ. ಆಕೆ ಬೀಗದ ಕೈಯನ್ನು ಮಗಳ ಸೆರಗಿಗೆ ಕಟ್ಟಿ, ಮುಖ ತೊಳೆದು, ನನ್ನ ಜೊತೆ ಬಂದಳು. ಬಳ್ಳಾರಿಗೆ ವಾಪಸು ಬಸ್ಸು ಹಿಡಿದೆವು.

ಅಬಕಾರಿ ಕಚೇರಿಯ ಬಾಗಿಲು ಆಗಷ್ಟೇ ತೆರೆದಿತ್ತು. ಹೊಸ ಅಧಿಕಾರಿ ವಯಸ್ಸಿನಲ್ಲಿ ನನಗಿಂತ ಹೆಚ್ಚು ದೊಡ್ಡವರಲ್ಲ. ನಾನು ಆ ಕಾಗದವನ್ನು ಅವರ ಮೇಜಿನ ಮೇಲಿಟ್ಟು, ಇದರ ಮೇಲಿರುವ ಹೆಬ್ಬೆಟ್ಟು ಈರಮ್ಮನದಲ್ಲ ಎಂದೆ. ಅವರು ನನ್ನನ್ನು ನೋಡಿದರು, ನನ್ನ ಹಿಂದೆ ಗೋಡೆಗೆ ಒತ್ತಿ ನಿಂತಿದ್ದ ಹೆಂಗಸನ್ನು ನೋಡಿದರು.

“ಈ ಯಮ್ಮ ಯಾರ್ರಿ?” ಎಂದು ಕೇಳಿದರು.

“ಕುರುಗೋಡಿನ ಅಂಗಡಿಯ ಮಾಲೀಕರು” ಎಂದೆ. ಮೇಜಿನ ಪಕ್ಕದಲ್ಲಿದ್ದ ಕುರ್ಚಿಯನ್ನು ನಾನೇ ಎಳೆದು ಹಾಕಿದೆ. ಈರಮ್ಮ ಕುರ್ಚಿಯನ್ನೊಮ್ಮೆ ನೋಡಿ, ಸೆರಗು ಹೊದ್ದುಕೊಂಡು ಕುಳಿತಳು.